ಎಣಿಸದೆ ಒತ್ತಿದ ಮೊಹರು

ಜೂನ್ 3

ಅಮ್ಮನವರಿಗೆ ನಮಸ್ಕಾರ.

ನಮ್ಮ ಅಂಚೆ ವಾಚನಾಲಯಕ್ಕೆ ನೀವು ಕಳಿಸಿದ ಸದಸ್ಯತ್ವದ ಅರ್ಜಿ ತಲುಪಿತು. 'ಯಾವ ಬಗೆಯ ಪುಸ್ತಕ ಬೇಕು' ಎಂಬ ಖಾನೆಯಲ್ಲಿ ಹೆಚ್ಚಿನವರು 'ಪತ್ತೇದಾರಿ' ಎಂದು ಒಂದು ಪದ ಗೀಚಿ ಕೈತೊಳೆದುಕೊಳ್ಳುತ್ತಾರೆ. ನೀವು ಕಾಗದದ ಅಂಚಿನವರೆಗೂ ಬರೆದಿದ್ದೀರಿ: 'ಹಳೆಯ ಕಾಲದ ಪತ್ತೇದಾರಿ. ಫೋನು, ಫೋಟೋ, ಬೆರಳಚ್ಚು ಯಾವುದೂ ಇರಬಾರದು. ಪಾತ್ರಗಳು ಇಪ್ಪತ್ತಕ್ಕಿಂತ ಕಡಿಮೆ ಇರಬಾರದು.' ಇದನ್ನು ಓದಿ ನಮ್ಮ ಯಜಮಾನ್ತಿ ಜೋರಾಗಿ ನಕ್ಕರು. "ಎಲ್ರೂ ಪಾತ್ರ ಜಾಸ್ತಿ ಆಯ್ತು ಅಂತ ಬೈತಾರೆ. ಈಯಮ್ಮ ಕಮ್ಮಿ ಆದ್ರೆ ಬೈತಾರಂತೆ!"

ಶಿಫಾರಸು ಮಾಡುವ ಮೇಜು ನನ್ನದು. ಮೊದಲೇ ಹೇಳಿಬಿಡುತ್ತೇನೆ, ನಾನು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ಮಾಡದ ತಪ್ಪಿಗೆ ಕ್ಷಮೆ ಕೇಳು ಎಂದರು, ನಾನು ಕೇಳಲಿಲ್ಲ. ಆಮೇಲೆ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ನಾಲ್ಕು ಕಡೆ ಕೆಲಸ ಮಾಡಿದೆ. ಕೂತು ಮಾಡಿದ ಕೆಲಸ ಇದೊಂದೇ. ಓದದ ಪುಸ್ತಕವನ್ನು ನಾನು ಶಿಫಾರಸು ಮಾಡುವುದಿಲ್ಲ, ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಎನ್ನುವುದೂ ಇಲ್ಲ.

ನಿಮಗೆ ಹೊಂದುವವು ಮೂರು. 'ಬಂದರಿನ ಮೂರು ಕೀಲಿಕೈ': ಇನ್ನೂರು ವರ್ಷದ ಹಿಂದಿನ ಬಂದರು. ಹೊರಗಿನಿಂದ ಬೀಗ ಬಿದ್ದ ಗೋದಾಮಿನಲ್ಲಿ ಸುಂಕದ ಗುಮಾಸ್ತ ಸತ್ತಿದ್ದಾನೆ. ಪತ್ತೆ ಮಾಡುವವನು ಬೀದಿಯಲ್ಲಿ ಕೂತು ಅಕ್ಷರ ಬಾರದವರಿಗೆ ಕಾಗದ ಬರೆದುಕೊಡುವವನು. ಬಹಳ ಒಳ್ಳೆಯದು. 'ಅರಮನೆಯ ಗಡಿಯಾರದವನು': ಮೊದಲರ್ಧ ಬಸವನಹುಳು. ಎರಡನೆಯ ಅರ್ಧ ಓದುವಾಗ ನಾನು ಬಸ್ಸಿನಲ್ಲಿ ಇಳಿಯಬೇಕಾದ ಜಾಗವನ್ನೇ ದಾಟಿ ಹೋಗಿದ್ದೆ. 'ಜ್ವರದ ವರ್ಷ': ಪತ್ತೆ ಮಾಡುವವಳು ಸೂಲಗಿತ್ತಿ, ಅವಳು ಚೆನ್ನ. ಆದರೆ ಕೊಲೆಗಾರ ಯಾರೆಂದು ನಲವತ್ತನೇ ಪುಟಕ್ಕೇ ಗೊತ್ತಾಗುತ್ತದೆ. ಬೇರೇನೂ ಇಲ್ಲದಾಗ ಓದಿ.

ಮೊದಲನೆಯದನ್ನು ಈ ಪತ್ರದ ಜೊತೆ ಕಳಿಸಿದ್ದೇನೆ. ಪುಸ್ತಕ ವಾಪಸ್ ಬಂದಾಗ ಹಾಳೆ ಎಣಿಸಿ, ಹಿಂದಿನ ಚೀಟಿಯ ಮೇಲೆ 'ಎಣಿಸಿದೆ' ಎಂದು ಮೊಹರು ಒತ್ತುವುದು ನಮ್ಮ ಪದ್ಧತಿ. ಆದ್ದರಿಂದ ಹಾಳೆ ಮಡಚಬೇಡಿ.

ಒಂದು ಕುತೂಹಲ. ಹಳೆಯ ಕಾಲದ್ದೇ ಏಕೆ?

ಇಂತಿ,
ಶಿಫಾರಸು ಮೇಜಿನ ಹುಡುಗಿ


ಜೂನ್ 14

ಶಿಫಾರಸು ಮೇಜಿನ ಹುಡುಗಿಗೆ ಆಶೀರ್ವಾದ.

ನಿನ್ನನ್ನು ಮರಿ ಎಂದು ಕರೆಯುತ್ತೇನೆ, ಬೇಸರವಿಲ್ಲ ತಾನೆ? ನನ್ನನ್ನು ನಾಟಕ ಕಂಪನಿಯಲ್ಲಿ ಎಲ್ಲರೂ ಸೂಜಿಯಮ್ಮ ಎನ್ನುತ್ತಿದ್ದರು. ನಲವತ್ತು ವರ್ಷ ವೇಷದ ಬಟ್ಟೆ ಹೊಲಿದಿದ್ದೇನೆ. ಸೈನಿಕರು, ಸೇವಕಿಯರು, ತಲೆ ಕಳೆದುಕೊಳ್ಳುವ ರಾಜರು. ತಲೆ ಹೋಗುವ ರಾಜನಿಗೆ ಕಾಲರನ್ನು ಬೇರೆಯೇ ಹೊಲಿಯಬೇಕು, ಗೊತ್ತೇ?

'ಬಂದರಿನ ಮೂರು ಕೀಲಿಕೈ' ಓದಿ ಮುಗಿಸಿದೆ. ಒಂದು ತಪ್ಪು ಹಿಡಿದಿದ್ದೇನೆ. ಗುಮಾಸ್ತ ಮಳೆಯಲ್ಲಿ ನೆನೆದು ಬಂದು ಉಣ್ಣೆಯ ಮೇಲಂಗಿಯನ್ನು ಒಂದೇ ಏಟಿಗೆ ಕಿತ್ತು ಎಸೆಯುತ್ತಾನಂತೆ. ನೆನೆದ ಉಣ್ಣೆ ಹಾಗೆ ಬರುವುದಿಲ್ಲ, ಮರಿ. ಮೈಗೆ ಅಂಟಿ ಕೂರುತ್ತದೆ. ಮಳೆಯ ದೃಶ್ಯ ಮುಗಿದ ಮೇಲೆ ನಟರನ್ನು ನಾನೂ ವಿಗ್ ಮಾಡುವವಳೂ ಹಿಡಿದು ಹಣ್ಣಿನ ಸಿಪ್ಪೆಯಂತೆ ಸುಲಿಯಬೇಕಿತ್ತು.

ನನ್ನ ಜೊತೆ ತಮ್ಮನಿದ್ದಾನೆ. ಹೋದ ವರ್ಷ ಕೆಲಸ ಬಿಟ್ಟು ಇಲ್ಲಿಗೇ ಬಂದ. ಅಂಚೆಯವನಿಗೆ ಬಾಗಿಲು ತೆಗೆಯುವವನು ಅವನೇ, ಕಟ್ಟು ಬಿಚ್ಚುವವನೂ ಅವನೇ. ಎರಡು ದಿನ ತಾನು ಓದಿ ಆಮೇಲೆ ನನಗೆ ಕೊಡುತ್ತಾನೆ. ಹುಟ್ಟಿದಾರಭ್ಯ ಪುಸ್ತಕ ಮುಟ್ಟದವನು! ಊಟಕ್ಕೆ ಕೂತಾಗ ಕಥೆಯ ಮೇಲೆ ಪ್ರಶ್ನೆ ಕೇಳುತ್ತಾನೆ. ಮನೆಯಲ್ಲಿ ಮಾತು ಹುಟ್ಟಿದೆ, ನಿನ್ನ ಪುಣ್ಯ.

ನಿನ್ನೆ ಕೇಳಿದ: "ಅಕ್ಕಾ, ಆ ಹಗ್ಗ ಹೊಸೆಯೋಳು ಇದಾಳಲ್ಲ, ಅವಳು ಹೇಳಿದ್ದು ನಿಜಾನಾ, ಸುಳ್ಳಾ?" ನನಗೆ ಅಂಥವಳು ಯಾರೂ ನೆನಪಾಗಲಿಲ್ಲ. ಬೇರೆ ಯಾವುದೋ ಕಥೆ ಸೇರಿಸಿಕೊಂಡಿದ್ದೀಯ ಎಂದು ಅವನನ್ನೇ ಗೇಲಿ ಮಾಡಿದೆ. ಅವಳು ಇದ್ದಾಳೆಯೇ? ಸುಮ್ಮನೆ ಕೇಳಿದೆ, ಅಷ್ಟೆ.

ಪುಸ್ತಕ ವಾಪಸ್ ಕಳಿಸಿದ್ದೇನೆ. ಗಡಿಯಾರದವನನ್ನು ಕಳಿಸು.

ಸೂಜಿಯಮ್ಮ


ಜೂನ್ 20

ಪ್ರೀತಿಯ ಸೂಜಿಯಮ್ಮನವರಿಗೆ,

ಮರಿ ಎನ್ನಿ, ಬೇಸರವಿಲ್ಲ. ಇಲ್ಲಿ ಕೋತಿ ಎನ್ನುವವರೂ ಇದ್ದಾರೆ.

ಮೇಲಂಗಿಯ ವಿಷಯ ಓದಿ ಯಜಮಾನ್ತಿ ಪುಸ್ತಕದ ಕಾರ್ಡಿನ ಮೇಲೆ ಅದನ್ನೇ ಬರೆಸಿದರು: 'ಓದುಗರ ಗಮನಕ್ಕೆ, ನೆನೆದ ಉಣ್ಣೆ ಹಾಗೆ ಬಿಚ್ಚುವುದಿಲ್ಲ.'

ನಿಮ್ಮ ಪ್ರಶ್ನೆಗೆ ಉತ್ತರ: ಹಗ್ಗ ಹೊಸೆಯುವವಳು ಇದ್ದಾಳೆ. ಒಂದೇ ಅಧ್ಯಾಯದಲ್ಲಿ ಬರುತ್ತಾಳೆ, ನಿಜ. ಆದರೆ ಅದು ಮರೆಯುವಂಥ ಅಧ್ಯಾಯವಲ್ಲ. ಗೋದಾಮಿನ ಹಿಂದೆ ಕೂತು ಹಗ್ಗ ಹೊಸೆಯುತ್ತ ಅವಳು ಕಂಡದ್ದನ್ನು ಹೇಳುವಾಗ ನನಗೆ ಮೈ ಜುಮ್ಮೆಂದಿತ್ತು. ಇಡೀ ಪುಸ್ತಕದಲ್ಲಿ ನನಗೆ ಇಷ್ಟವಾದದ್ದೇ ಅದು. ನಿಮ್ಮ ತಮ್ಮ ಸರಿಯಾಗಿಯೇ ಓದಿದ್ದಾರೆ. ನೀವು ಅವಳನ್ನು ಮರೆತಿದ್ದೀರಿ. ಇಲ್ಲವೇ ಆ ಅಧ್ಯಾಯಕ್ಕೆ ಸರಿಯಾಗಿ ತೂಕಡಿಸಿದ್ದೀರಿ! ಮುಲಾಜಿಗೆ 'ಇರಲಿ ಬಿಡಿ' ಎನ್ನಲು ನನಗೆ ಬರುವುದಿಲ್ಲ, ಕೋಪ ಮಾಡಿಕೊಳ್ಳಬೇಡಿ.

ಗಡಿಯಾರದವನು ಬರುತ್ತಿದ್ದಾನೆ. ನೂರು ಪುಟ ತಾಳ್ಮೆ ಇರಲಿ.

ಮರಿ


ಜುಲೈ 9

ಮರಿ,

ಉತ್ತರ ತಡವಾಯಿತು. ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಸುಳ್ಳು ಹೇಳುವ ಹುಡುಗಿಯಾಗಿದ್ದರೆ ಚೆನ್ನಾಗಿತ್ತು ಎನಿಸಿತು.

ನನಗೆ ಹೆದರಿಕೆಯಾಗಿದೆ. ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಏಳೆಂಟು ತಿಂಗಳಿಂದ ಮನೆಯಲ್ಲಿ ಏನೇನೋ ಆಗುತ್ತಿದೆ. ಆರಿಸಿದ ಒಲೆ ಉರಿಯುತ್ತಿರುತ್ತದೆ. ನನ್ನ ಕನ್ನಡಕ ಹಿಟ್ಟಿನ ಡಬ್ಬದಲ್ಲಿ ಸಿಕ್ಕಿತು. ಹಾಕಿದ ಚಿಲಕ ತೆಗೆದಿರುತ್ತದೆ. ತಮ್ಮ ಬೈಯುವುದಿಲ್ಲ. "ಬಿಡು ಅಕ್ಕ, ವಯಸ್ಸು" ಎನ್ನುತ್ತಾನೆ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಈಗ ಪಕ್ಕದ ಮನೆಯವಳು ನನ್ನೊಡನೆ ಮಗುವಿನ ಜೊತೆ ಮಾತನಾಡುವಂತೆ ನಿಧಾನವಾಗಿ ಮಾತನಾಡುತ್ತಾಳೆ.

ಈ ತಿಂಗಳ ಇಪ್ಪತ್ತಮೂರಕ್ಕೆ ವೈದ್ಯರು ಮನೆಗೆ ಬರುತ್ತಾರೆ. ನನ್ನ ಬುದ್ಧಿ ನೆಟ್ಟಗಿಲ್ಲ ಎಂದು ಅವರು ಬರೆದುಕೊಟ್ಟರೆ ಮನೆ, ಸಹಿ ಎಲ್ಲ ತಮ್ಮನ ಕೈಗೆ ಹೋಗುತ್ತದೆ. ನನ್ನನ್ನು ಊರಾಚೆಯ ಆರೈಕೆ ಕೇಂದ್ರಕ್ಕೆ ಬಿಡುತ್ತಾನೆ. ಒಮ್ಮೆ ಕರೆದುಕೊಂಡು ಹೋಗಿ ತೋರಿಸಿದ. ಚೊಕ್ಕಟವಾಗಿದೆ. ಕೋಣೆಗಳ ಚಿಲಕ ಹೊರಗಿದೆ.

ನಾನು ನಿಮ್ಮಲ್ಲಿ ಸದಸ್ಯಳಾದದ್ದು ಅದಕ್ಕೇ. ಇಪ್ಪತ್ತು ಪಾತ್ರಗಳ ಕಥೆ ಓದಿ ಒಂದೊಂದನ್ನೂ ನೆನಪಿನಿಂದ ಬರೆದರೆ, ನನ್ನ ತಲೆ ನೆಟ್ಟಗಿದೆ ಎಂದು ನನಗೇ ಗೊತ್ತಾಗುತ್ತದೆ ಎಂದುಕೊಂಡೆ. ತಮ್ಮನಿಗೂ ಹೇಳಿದ್ದೆ. "ಒಳ್ಳೇದೇ ಆಯ್ತು, ನಾನೇ ಪರೀಕ್ಷೆ ತಗೋತೀನಿ" ಎಂದು ನಕ್ಕಿದ್ದ.

ಹಳೆಯ ಕಾಲದ್ದೇ ಏಕೆ ಎಂದು ಕೇಳಿದ್ದೆ. ನಾನು ಬದುಕಿದ್ದೇ ಆ ಕಾಲಗಳ ಬಟ್ಟೆಯ ನಡುವೆ. ಅಲ್ಲಿ ದಾರಿ ತಪ್ಪಲಾರೆ ಎಂಬ ಧೈರ್ಯವಿತ್ತು. ಇನ್ನೊಂದು, ಆಗ ಸತ್ಯ ತಿಳಿಯಲು ಯಂತ್ರಗಳಿರಲಿಲ್ಲ. ಯಾರೋ ಒಬ್ಬರು ಕಂಡದ್ದನ್ನು ನೆನಪಿಟ್ಟುಕೊಂಡಿರಬೇಕಿತ್ತು.

ಗಡಿಯಾರದವನನ್ನು ಮುಗಿಸಿದ ದಿನ ತಮ್ಮ ಕೇಳಿದ: "ಅಡುಗೆಯವಳ ಕುರುಡಿ ಮಗಳು ಪಾಪ, ಅಲ್ವಾ ಅಕ್ಕ?"

"ಯಾವ ಮಗಳು?" ಎಂದೆ.

ಅವನು ಚಮಚ ಕೆಳಗಿಟ್ಟ. ತಟ್ಟೆಯನ್ನೇ ನೋಡುತ್ತ ಕೂತ. ನಾನು ಎದ್ದು ಹೋಗಿ ಕೈತೋಟದ ಕಟ್ಟೆಯ ಮೇಲೆ ಕೂತುಬಿಟ್ಟೆ. ಒಂದು ಮಗು, ಅದೂ ಕುರುಡು ಮಗು, ಇಡೀ ಪುಸ್ತಕದಲ್ಲಿ ಓಡಾಡಿ ಹೋದರೂ ನನ್ನ ತಲೆಯಲ್ಲಿ ನಿಲ್ಲಲಿಲ್ಲ ಎಂದರೆ ಇನ್ನೇನು ನಿಂತೀತು?

ಬಂದರಿನ ಕಥೆಯನ್ನಾದರೂ ಬರೆದು ನೋಡಿದೆ. ಇಪ್ಪತ್ತಮೂರು ಜನ ನೆನಪಾದರು. ಕೊಂದವನು ಬಂದರಿನ ವೈದ್ಯ. ಅಷ್ಟು ಗಟ್ಟಿಯಾಗಿ ನೆನಪಿದೆ.

ಪುಸ್ತಕ ವಾಪಸ್ ಕಳಿಸಿದ್ದೇನೆ. ಇನ್ನು ಬೇಡ, ಮರಿ.

ಸೂಜಿಯಮ್ಮ


ಜುಲೈ 13

ವಾಚನಾಲಯದ ಶಿಫಾರಸು ವಿಭಾಗದವರಿಗೆ,

ನನ್ನ ಅಕ್ಕನವರ ಸದಸ್ಯತ್ವವನ್ನು ದಯವಿಟ್ಟು ರದ್ದು ಮಾಡಿ. ಅವರ ನೆನಪಿನ ಶಕ್ತಿ ಕುಂದುತ್ತಿದೆ. ಪುಸ್ತಕಗಳು ಅವರನ್ನು ಇನ್ನಷ್ಟು ಗಾಬರಿಗೊಳಿಸುತ್ತಿವೆ.

ಜೂನ್ 20ರ ತಮ್ಮ ಪತ್ರದಿಂದ ಬಹಳ ಉಪಕಾರವಾಯಿತು. ಮನೆಯವರ ಮಾತನ್ನು ವೈದ್ಯರು ಪೂರ್ತಿ ನಂಬುವುದಿಲ್ಲ. ಹೊರಗಿನವರೊಬ್ಬರು ಇಷ್ಟು ನೇರವಾಗಿ 'ನೀವು ಮರೆತಿದ್ದೀರಿ' ಎಂದು ಬರೆದಿರುವುದು ಅಪರೂಪ. ಆ ಪತ್ರವನ್ನು ವೈದ್ಯರಿಗೆ ತೋರಿಸಿದ್ದೇನೆ, ಅವರು ಕಡತದಲ್ಲಿ ಇಟ್ಟುಕೊಂಡಿದ್ದಾರೆ.

ತಮ್ಮ ಪ್ರಾಮಾಣಿಕತೆಗೆ ವಂದನೆಗಳು. ಇನ್ನು ಮುಂದೆ ಅಕ್ಕನವರಿಗೆ ಪತ್ರ ಬರೆಯುವುದು ಬೇಡ.

ಅವರ ತಮ್ಮ


ಜುಲೈ 16

ಅಮ್ಮ,

ಈ ಪತ್ರ ನಿಮ್ಮ ಮನೆಯ ವಿಳಾಸಕ್ಕೆ ಬರುವುದಿಲ್ಲ. ಅರ್ಜಿಯಲ್ಲಿ ಹೊಣೆಗಾರರು ಎಂದು ನಿಮ್ಮ ಕಂಪನಿಯ ವಿಗ್ ಮಾಡುವವರ ವಿಳಾಸ ಕೊಟ್ಟಿದ್ದಿರಿ. ಅವರ ಕೈಗೆ ಕಳಿಸುತ್ತಿದ್ದೇನೆ. ನಿಮ್ಮ ಕೈಗೇ ಕೊಡಬೇಕು, ಬೇರೆ ಯಾರ ಕೈಗೂ ಅಲ್ಲ ಎಂದು ಅವರಿಗೆ ಬೇರೆ ಚೀಟಿ ಬರೆದಿದ್ದೇನೆ. ಓದುವಾಗ ಒಬ್ಬರೇ ಇರಿ.

ನಿಮ್ಮ ತಮ್ಮ ನನಗೆ ಪತ್ರ ಬರೆದಿದ್ದಾರೆ. ಪ್ರಾಮಾಣಿಕತೆಗೆ ವಂದನೆ ಎಂದು. ಆ ವಂದನೆ ನನಗೆ ಸಲ್ಲದು. ಏಕೆಂದರೆ ನಾನು ಒಂದು ಸುಳ್ಳು ಹೇಳಿದ್ದೆ. ನಿಮಗಲ್ಲ, ಚೀಟಿಗೆ. ಬಂದರಿನ ಪುಸ್ತಕ ವಾಪಸ್ ಬಂದ ದಿನ ನಲವತ್ತು ಕಟ್ಟು ಬಂದಿದ್ದವು. ಕೂತು ಕೂತು ಕಾಲು ಜೋಮು ಹಿಡಿದಿತ್ತು. ನಾನು ಹಾಳೆ ಎಣಿಸಲಿಲ್ಲ. ಎಣಿಸದೆಯೇ 'ಎಣಿಸಿದೆ' ಎಂದು ಮೊಹರು ಒತ್ತಿ ಕಪಾಟಿಗೆ ಸೇರಿಸಿದೆ. ಆಮೇಲೆ ಮೂರು ವರ್ಷದ ಹಿಂದೆ ಓದಿದ ನೆನಪಿನ ಮೇಲೆ ನಿಮಗೆ ಉತ್ತರ ಬರೆದೆ.

ನಿನ್ನೆ ಗಡಿಯಾರದವನನ್ನು ಎಣಿಸಿದೆ. ಎಂಟು ಹಾಳೆ ಕಡಿಮೆ. ಎರಡನೇ ಸಲ ಎಣಿಸಿದೆ, ಎಂಟೇ. ಓಡಿಹೋಗಿ ಬಂದರಿನ ಪುಸ್ತಕ ತಂದು ಎಣಿಸಿದೆ. ಅದರಲ್ಲಿ ಆರು ಹಾಳೆ ಇಲ್ಲ.

ಅಮ್ಮ, ಅವು ಉದುರಿದ ಹಾಳೆಗಳಲ್ಲ. ಹೊಲಿಗೆಯ ಪಕ್ಕಕ್ಕೇ ಬ್ಲೇಡಿನಿಂದ ಕತ್ತರಿಸಿದ್ದಾರೆ. ಪುಸ್ತಕ ಪೂರ್ತಿ ಅಗಲಿಸಿದರೆ ಮಾತ್ರ ಕಾಣುವಷ್ಟು ನಾಜೂಕಾಗಿ. ಎರಡರಲ್ಲೂ ಸರಿಯಾಗಿ ಒಂದೊಂದು ಅಧ್ಯಾಯ. ಈ ಪುಸ್ತಕಗಳಲ್ಲಿ ಅಧ್ಯಾಯಕ್ಕೆ ಸಂಖ್ಯೆಯಿಲ್ಲ, ಹೊಸ ಹಾಳೆ, ಮೇಲೆ ಬರೀ ಒಂದು ಚುಕ್ಕೆ ಗುರುತು. ವಾಕ್ಯ ಎಲ್ಲೂ ತುಂಡಾಗುವುದಿಲ್ಲ. ಕಥೆಯಲ್ಲಿ ಮುಳುಗಿದವರು ಪುಟದ ಸಂಖ್ಯೆ ಯಾರು ನೋಡುತ್ತಾರೆ? ಹಗ್ಗ ಹೊಸೆಯುವವಳು ಆ ಆರು ಹಾಳೆಗಳಲ್ಲಿದ್ದಳು. ಕುರುಡಿ ಮಗಳು ಆ ಎಂಟರಲ್ಲಿದ್ದಳು. ಅವಳು ಇಡೀ ಪುಸ್ತಕದಲ್ಲಿ ಓಡಾಡುವುದಿಲ್ಲ, ಅದೊಂದೇ ಅಧ್ಯಾಯದಲ್ಲಿ ಬರುತ್ತಾಳೆ.

ನಾವು ಕಳಿಸುವ ಮುಂಚೆ ಎರಡೂ ಪುಸ್ತಕ ಪೂರ್ತಿ ಇದ್ದವು. ಹಿಂದಿನ ಸಲ ಎಣಿಸಿದವರು ಯಜಮಾನ್ತಿ, ನಾನಲ್ಲ. ನಿಮಗಿಂತ ಮುಂಚೆ ಕಟ್ಟು ಬಿಚ್ಚಿದವರು ಯಾರು ಎಂದು ನೀವೇ ಬರೆದಿದ್ದೀರಿ. ಅವರು ಕತ್ತರಿಸುವುದನ್ನು ನಾನು ನೋಡಿಲ್ಲ. ಆದರೆ ನೀವು ಓದದ ಹಾಳೆಗಳಿಂದಲೇ ಪ್ರಶ್ನೆ ಕೇಳಿದವರು ಅವರು.

ಇನ್ನೊಂದನ್ನೂ ಹೇಳಬೇಕು, ಹೇಳದಿದ್ದರೆ ಇದು ಎರಡನೇ ಸುಳ್ಳಾಗುತ್ತದೆ. ಬಂದರಿನ ಕಥೆಯಲ್ಲಿ ಕೊಂದವನು ವೈದ್ಯನಲ್ಲ. ಗುಮಾಸ್ತನ ಅಣ್ಣ. ಆ ಹಾಳೆಗಳು ಇವೆ, ಯಾರೂ ಮುಟ್ಟಿಲ್ಲ.

ಇಪ್ಪತ್ತಮೂರಕ್ಕೆ ನಾನು ಬರುತ್ತೇನೆ. ಕತ್ತರಿಸಿದ ಎರಡು ಪುಸ್ತಕ, ಅವುಗಳ ಪೂರ್ತಿ ಇರುವ ಇನ್ನೊಂದೊಂದು ಪ್ರತಿ, ಎಲ್ಲ ತರುತ್ತೇನೆ. ಅಲ್ಲಿಯವರೆಗೆ ಏನೂ ಗೊತ್ತಿಲ್ಲದವರಂತೆ ಇರಿ.

ಮರಿ


ಜುಲೈ 19

ಮರಿ,

ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಕೂದಲಕ್ಕ, ಅದೇ ನಮ್ಮ ವಿಗ್ಗಿನವಳು, ಎದುರಿಗೆ ಕೂತು ಗಟ್ಟಿಯಾಗಿ ಹರಟುತ್ತಿದ್ದಾಳೆ. ತಮ್ಮ ಪಕ್ಕದ ಕೋಣೆಯಲ್ಲಿದ್ದಾನೆ. ನಿನ್ನ ಪತ್ರವನ್ನು ಅವಳು ನಿನ್ನೆ ಹೊಸ ವಿಗ್ಗಿನ ಒಳಗೆ ಮಡಚಿಟ್ಟು ತಂದಳು.

ಓದಿದಾಗ ಮೊದಲು ಸಂತೋಷವಾಯಿತು. ನನ್ನ ತಲೆ ಕೆಟ್ಟಿಲ್ಲ ಎಂದು. ಅರ್ಧ ಗಂಟೆಯಷ್ಟೆ. ಆಮೇಲೆ ತಮ್ಮ ಊಟಕ್ಕೆ ಕರೆದ. ಊಟ ಮುಗಿದ ಮೇಲೆ ಸೇಬು ಹೆಚ್ಚಿ ಕೊಟ್ಟ. ಸಿಪ್ಪೆಯನ್ನು ಎಲ್ಲೂ ತುಂಡಾಗದಂತೆ ಒಂದೇ ಉದ್ದಕ್ಕೆ ತೆಗೆದ. ಅವನ ಕೈ ಅಷ್ಟು ನಾಜೂಕು. ಚಿಕ್ಕವನಿದ್ದಾಗ ಬಟ್ಟೆ ಕತ್ತರಿಸುವುದನ್ನು ಕಲಿಸಿದವಳು ನಾನೇ. ಅವನ ಬೆರಳನ್ನೇ ನೋಡುತ್ತ ಅಷ್ಟೂ ಹೋಳು ತಿಂದೆ. ಬೇಡ ಎನ್ನಲು ಧೈರ್ಯ ಬರಲಿಲ್ಲ.

ಅವನು ನನ್ನನ್ನು ಹೊಡೆದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ. ಕೂತು, ನಿಧಾನವಾಗಿ ಓದಿ, ನನಗೆ ಯಾವುದು ಇಷ್ಟವಾಗಬಹುದೋ ಅದನ್ನೇ ಹುಡುಕಿ ತೆಗೆದಿದ್ದಾನೆ. ಹಾಗಾದರೆ ಒಲೆ? ಕನ್ನಡಕ? ಯಾವುದು ನಾನು ಮಾಡಿದ್ದು, ಯಾವುದು ಅವನು ಮಾಡಿದ್ದು? ಒಂದೊಂದನ್ನೂ ಎತ್ತಿ ನೋಡುತ್ತಿದ್ದೇನೆ. ಯಾವುದರ ಮೇಲೂ ಗುರುತಿಲ್ಲ.

ಇಪ್ಪತ್ತಮೂರಕ್ಕೆ ತಪ್ಪದೆ ಬಾ. ಹನ್ನೊಂದು ಗಂಟೆಗೆ. ಒಂದೇ ಒಂದು ಬೇಡಿಕೆ. ವೈದ್ಯರು ಕೇಳಿದರೆ ನನ್ನ ನೆನಪು ಚೆನ್ನಾಗಿದೆ ಎಂದು ಹೇಳಿಬಿಡು. ಗುಮಾಸ್ತನ ಅಣ್ಣನ ವಿಷಯ ಎತ್ತಬೇಡ. ಯಾರಾದರೂ ಮರೆಯುವಂಥದ್ದೇ ಅದು. ಆ ಚಿಲಕ ಹೊರಗಿರುವ ಕೋಣೆ ನನ್ನ ಕಣ್ಣಮುಂದೆಯೇ ಇದೆ. ಒಂದು ಮಾತು, ಮರಿ. ನಿನ್ನ ಕಾಲು ಹಿಡಿಯುತ್ತೇನೆ.

ಸೂಜಿಯಮ್ಮ


ಜುಲೈ 30

ಮರಿ,

ಒಂದು ವಾರ ನಿನ್ನ ಮೇಲೆ ಕೋಪ ಮಾಡಿಕೊಂಡಿದ್ದೆ. ಇವತ್ತು ಬರೆಯುತ್ತಿದ್ದೇನೆ. ನೀನೂ ಅಲ್ಲೇ ಇದ್ದೆ, ಆದರೂ ನಡೆದದ್ದನ್ನೆಲ್ಲ ಬರೆಯುತ್ತೇನೆ. ನನಗೆ ನೆನಪಿದೆಯೇ ಎಂದು ನೋಡಿಕೊಳ್ಳಲು.

ಇದು ಯಾವ ತಿಂಗಳು ಎಂದು ವೈದ್ಯರು ನನ್ನನ್ನು ಕೇಳಿದರು. ಜೂನ್ ಎಂದೆ. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದರು. ತೊಂಬತ್ತಮೂರು, ಎಂಬತ್ತಾರು. ಅಲ್ಲಿಗೆ ನಿಂತುಹೋಯಿತು. ತಮ್ಮ ಹಿಂದಿನಿಂದ ನನ್ನ ಹೆಗಲ ಮೇಲೆ ಕೈಯಿಟ್ಟ. ಆ ಕೈ ಬಿದ್ದ ಮೇಲೆ ಎಂಬತ್ತಾರರ ಆಚೆ ನನಗೆ ಏನೂ ಕಾಣಲಿಲ್ಲ.

ಅರೆತೆರೆದ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ ನೀನು ಆಗ ಬಾಗಿಲು ಬಡಿದೆ. ಹಸಿರು ಚೀಲದಿಂದ ನಾಲ್ಕು ಪುಸ್ತಕ ತೆಗೆದು ಮೇಜಿನ ಮೇಲೆ ಜೋಡಿಸಿದೆ. ತಮ್ಮ ನಕ್ಕ. "ಡಾಕ್ಟ್ರೇ, ಹಳೇ ಪುಸ್ತಕ. ಹಾಳೆ ಉದುರುತ್ತೆ. ಈ ಹುಡುಗಿಗೆ ಪತ್ತೇದಾರಿ ಓದಿ ಓದಿ ತಲೆ ತಿರುಗಿದೆ." ವೈದ್ಯರು ಕತ್ತರಿಸಿದ ಜಾಗದ ಮೇಲೆ ಉಗುರು ಎಳೆದು ನೋಡಿದರು. ಆಮೇಲೆ ನಿನ್ನನ್ನು ಕೇಳಿದರು: "ನಿನ್ನ ಪ್ರಕಾರ ಇವರ ನೆನಪು ಸರಿಯಾಗಿದೆಯಾ?"

ನೀನು ನನ್ನ ಕಡೆ ನೋಡಿದೆ. ನಾನು ಕಣ್ಣಲ್ಲೇ ಬೇಡಿಕೊಂಡೆ. ನೀನು ಹೇಳಿದೆ: "ಎರಡು ಕಡೆ ಹಾಳೆ ಕತ್ತರಿಸಿದ್ದಾರೆ, ಅಲ್ಲಿ ಇವರದ್ದು ತಪ್ಪಿಲ್ಲ. ಒಂದು ಕಡೆ ಹಾಳೆ ಇದೆ, ಅಲ್ಲಿ ಇವರು ಮರೆತಿದ್ದಾರೆ. ಮೂರನ್ನೂ ಬರ್ಕೊಳ್ಳಿ."

ಆ ಕ್ಷಣ ನೆಲ ಬಾಯಿಬಿಡಬಾರದೇ ಎನಿಸಿತು. ಆದರೆ ವೈದ್ಯರು ಪೆನ್ನಿನ ಮುಚ್ಚಳ ಹಾಕಿದ್ದು ಆಗಲೇ. ನನ್ನ ವಿರುದ್ಧವೂ ಮಾತನಾಡುವವಳು ಸುಳ್ಳು ಹೇಳುತ್ತಿಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಯಾವ ಕಾಗದಕ್ಕೂ ಸಹಿ ಹಾಕಲಿಲ್ಲ. ಈ ಮನೆಯಲ್ಲಿ ಇವರ ಪರೀಕ್ಷೆ ಸಾಧ್ಯವಿಲ್ಲ, ಆಸ್ಪತ್ರೆಗೆ ಬರಲಿ, ತಮ್ಮನವರು ಜೊತೆಗಿರಬಾರದು ಎಂದರು.

ಅದೇ ಮಧ್ಯಾಹ್ನ ಕೂದಲಕ್ಕನ ಮನೆಗೆ ಬಂದುಬಿಟ್ಟೆ. ಇಲ್ಲಿ ಕಪಾಟಿನ ಉದ್ದಕ್ಕೂ ಮರದ ತಲೆಗಳು, ಅವುಗಳ ಮೇಲೆ ವಿಗ್ಗುಗಳು. ಬೆಳಿಗ್ಗೆ ಕಣ್ಣು ಬಿಟ್ಟರೆ ಹದಿನಾಲ್ಕು ಜನ ಬೆನ್ನು ತಿರುಗಿಸಿ ನಿಂತಂತೆ ಕಾಣುತ್ತದೆ. ಮೊದಲ ದಿನ ಕಿರುಚಿಕೊಂಡೆ.

ಹೊರಡುವಾಗ ತಮ್ಮ ಹೇಳಿದ್ದನ್ನು ನಿನಗೆ ಹೇಳಿಲ್ಲ. ನೀನು ಆಗಲೇ ಬೀದಿಯಲ್ಲಿದ್ದೆ. ನನ್ನ ಚೀಲ ಅವನೇ ಎತ್ತಿಕೊಟ್ಟ. ಮೆಲ್ಲಗೆ ಹೇಳಿದ: "ನೀನು ಹೇಗೂ ಮರೀತಾ ಇದ್ದೆ ಅಕ್ಕ. ನಾನು ಸ್ವಲ್ಪ ಬೇಗ ಮಾಡಿದೆ, ಅಷ್ಟೆ." ಮುಖದಲ್ಲಿ ಕೋಪವಿರಲಿಲ್ಲ. ಅಯ್ಯೋ ಎನ್ನುವಂತೆ ನೋಡಿದ.

ಈಗ ಅವನು ಇಲ್ಲ, ಬ್ಲೇಡ್ ಇಲ್ಲ. ಆದರೂ ಭಯ ಹೋಗಿಲ್ಲ. ಅಲ್ಲಿದ್ದ ಕೊನೆಯ ದಿನಗಳಲ್ಲಿ ಅವನೇ ಎಲ್ಲ ಮಾಡುತ್ತಿದ್ದಾನೆ ಎಂದು ಹೆದರುತ್ತಿದ್ದೆ. ಈಗ ಯಾರೂ ಮಾಡುತ್ತಿಲ್ಲದಿದ್ದರೆ ಎಂದು ಹೆದರುತ್ತೇನೆ. ಕೂದಲಕ್ಕನನ್ನು ಕೇಳಿದರೆ "ನಿನಗೇನಾಗಿದೆ ಗುಂಡುಕಲ್ಲು" ಎನ್ನುತ್ತಾಳೆ. ಅವಳು ಒಳ್ಳೆಯವಳು, ಅದಕ್ಕೇ ಅವಳನ್ನು ನಂಬುವುದಿಲ್ಲ. ನೀನು ಹೇಳು. ತಮ್ಮ ಹೇಳಿದ್ದು ನಿಜವೇ? ನನ್ನ ನೆನಪು ಹೋಗುತ್ತಿದೆಯೇ?

ಇಲ್ಲಿ ಕೋಣೆ ಬೆಳಕಾಗಿದೆ. ಒಂದು ತಮಾಷೆ ಹೇಳಲು ಮರೆತೆ. ಕಪಾಟಿನ ತುಂಬ ಮರದ ತಲೆಗಳಿವೆ, ಮೇಲೆ ವಿಗ್ಗುಗಳು. ಬೆಳಿಗ್ಗೆ ಎದ್ದಾಗ ಹದಿನಾಲ್ಕು ಜನ ಬೆನ್ನು ಮಾಡಿ ನಿಂತ ಹಾಗೆ ಕಾಣುತ್ತದೆ. ಮೊದಲ ದಿನ ನಾನು ಕಿರುಚಿಬಿಟ್ಟೆ, ಗೊತ್ತೇ!

ಸೂಜಿಯಮ್ಮ


ಆಗಸ್ಟ್ 5

ಅಮ್ಮ,

ನಿಮ್ಮ ಪತ್ರ ಬಂದು ಮೂರು ದಿನವಾಯಿತು. ಎರಡು ಸಲ ಉತ್ತರ ಬರೆದು ಹರಿದೆ. ಎರಡರಲ್ಲೂ 'ಹಾಗೇನಿಲ್ಲ ಅಮ್ಮ' ಎಂದಿತ್ತು. ಯಜಮಾನ್ತಿಯೂ ಹಾಗೇ ಬರೆ ಎಂದರು. "ಅಯ್ಯೋ ಕೋತಿ, ಒಂದು ಸಲ ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು ರೇಗಿದರು. ನನ್ನದೇನೂ ಹೋಗುವುದಿಲ್ಲ. ಆದರೆ ಕೇಳಿದವರು ನೀವು.

ಹೌದು ಅಮ್ಮ. ಸ್ವಲ್ಪ ಹೋಗುತ್ತಿದೆ ಎಂದು ನನಗೆ ಅನ್ನಿಸುತ್ತದೆ.

ವೈದ್ಯರ ಮುಂದೆ ನಡೆದದ್ದನ್ನು ನೀವು ಬರೆದದ್ದು ಬಹುಪಾಲು ಸರಿ. ಎಂಬತ್ತಾರು, ಹೆಗಲ ಮೇಲಿನ ಕೈ, ಪೆನ್ನಿನ ಮುಚ್ಚಳ, ಒಂದೂ ತಪ್ಪಿಲ್ಲ. ನನ್ನ ಚೀಲ ಮಾತ್ರ ಹಸಿರಲ್ಲ, ಕಂದು. ಅದು ಯಾರಿಗಾದರೂ ಆಗಬಹುದು. ಆದರೆ ಮರದ ತಲೆಗಳ ವಿಷಯವನ್ನು ಅದೇ ಪತ್ರದಲ್ಲಿ ಎರಡು ಸಲ ಬರೆದಿದ್ದೀರಿ, ಎರಡನೇ ಸಲವೂ ಹೊಸದಾಗಿ ಹೇಳುವಂತೆ. ಅದನ್ನು ಓದಿದಾಗ ನಾನು ಪತ್ರ ಮಡಚಿಟ್ಟು ಹೊರಗೆ ಹೋಗಿ ಎರಡು ಬೀದಿ ಸುಮ್ಮನೆ ನಡೆದು ಬಂದೆ.

ನಾನು ವೈದ್ಯಳಲ್ಲ, ಒಂಬತ್ತನೇ ತರಗತಿಯವಳು. ಇದು ಎಷ್ಟು, ಎಷ್ಟು ಬೇಗ, ಔಷಧಿ ಇದೆಯೇ, ಒಂದೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ. ನಿಮ್ಮ ತಮ್ಮ ನಿಮಗೆ ಮಾಡಿದ್ದೇ ಬೇರೆ, ಈ ಮರೆವೇ ಬೇರೆ. ಅದನ್ನೂ ಇದನ್ನೂ ಒಂದೇ ಎಂದು ಅವರು ನಂಬಿಸಲು ನೋಡಿದರು, ಹೊರಡುವಾಗಲೂ ನೋಡಿದರು. ಆ ಮಾತನ್ನು ತಲೆಯಿಂದ ತೆಗೆದುಹಾಕಿ. ಮರೆಯಲೇಬೇಕೆಂದಿದ್ದರೆ ಅದನ್ನು ಮೊದಲು ಮರೆಯಿರಿ.

ಸೋಮವಾರ ಬೆಳಿಗ್ಗೆ ಹತ್ತೂವರೆಯ ಬಸ್ಸಿಗೆ ಬರುತ್ತೇನೆ. ಆಸ್ಪತ್ರೆಗೆ ಇಬ್ಬರೂ ಹೋಗೋಣ. ವೈದ್ಯರು ಕೇಳುವ ಪ್ರಶ್ನೆಗೆ ನಿಮಗೆ ಬಂದ ಉತ್ತರ ಹೇಳಿ, ಬಾರದಿದ್ದರೆ ಬರಲಿಲ್ಲ ಎನ್ನಿ. ನಾನು ಪಕ್ಕದಲ್ಲಿ ಕೂತಿರುತ್ತೇನೆ. ಹೆಗಲ ಮೇಲೆ ಕೈ ಇಡುವುದಿಲ್ಲ.

ನನಗೂ ಹೆದರಿಕೆಯಾಗಿದೆ. ನೀವು ಬಾಗಿಲು ತೆಗೆದು ಯಾರಮ್ಮ ನೀನು ಎಂದು ಕೇಳುವ ದಿನ ಬಂದರೆ ಎಂದು ಈಗಲೇ ಅಂದುಕೊಳ್ಳುತ್ತೇನೆ. ಹಾಗೆ ಕೇಳಿದರೆ ನಾನು ಯಾರೆಂದು ಹೇಳುತ್ತೇನೆ. ಮತ್ತೆ ಕೇಳಿದರೆ ಮತ್ತೆ ಹೇಳುತ್ತೇನೆ.

ಮರಿ